ಆಟದೊಳಗಣ ಚರಿತ್ರೆ

ಸಾಹಿತ್ಯಕ್ಕೆ ಮೀಸಲಾದ ಪುಟದಲ್ಲಿ ಕಂಪ್ಯೂಟರ್ ಆಟವೊಂದರ ಪ್ರಸ್ತಾಪ ಬಂದರೆ ವಾಚಕರಲ್ಲಿ ಕೆಲವರ ಹುಬ್ಬು ಮೇಲೇರೀತು. ಹುಡುಗರ ಕಾಲಹರಣಕ್ಕೂ ನಮ್ಮ ಕಾವ್ಯಚಿಂತನೆಗೂ ಏನು ಸಂಬಂಧವೆಂದು ಅವರು ಕೇಳುವುದು ಸಹಜ. ಆದರೆ ಆಟವೆಂಬುದನ್ನು ನಮ್ಮ ಹಿರಿಯರು ಅಷ್ಟು ಹಗುರವಾಗಿ ಕಂಡವರಲ್ಲ. ಪಗಡೆಯ ಹಾಸಿನ ಮೇಲೆ ಒಂದು ರಾಜ್ಯವೇ ಕೈಬಿಟ್ಟುಹೋದ ಕಥೆಯನ್ನು ಪಂಪನಿಂದ ಕುಮಾರವ್ಯಾಸನವರೆಗೆ ನಮ್ಮ ಕವಿಗಳು ಹೇಳಿದ್ದಾರೆ. ಚದುರಂಗದ ಅರುವತ್ತನಾಲ್ಕು ಮನೆಗಳಲ್ಲಿ ರಾಜ, ಮಂತ್ರಿ, ಆನೆ, ಕುದುರೆ, ಕಾಲಾಳುಗಳನ್ನಿಟ್ಟು ರಾಜನೀತಿಯ ಒಂದು ಚಿತ್ರವನ್ನೇ ಭಾರತವು ಜಗತ್ತಿಗೆ ಕೊಟ್ಟಿದೆ. ಆಟದ ಹಾಸು ಯಾವಾಗಲೂ ಲೋಕದ ಒಂದು ಕಲ್ಪನೆ. ಆ ಕಲ್ಪನೆಯಲ್ಲಿ ಯಾರಿಗೆ ಮನೆಯುಂಟು, ಯಾರು ಎಷ್ಟು ಹೆಜ್ಜೆ ನಡೆಯಬಹುದು, ಯಾವುದನ್ನು ಗೆಲುವೆನ್ನಬೇಕು ಎಂಬುದೆಲ್ಲ ಆಟಗಾರನು ಬಂದು ಕೂರುವ ಮೊದಲೇ ನಿರ್ಣಯವಾಗಿರುತ್ತದೆ.

ಇಂದು ನಮ್ಮ ಕಾಲೇಜುಗಳ ತರುಣರು ಕೂತು ಆಡುವ ಹಾಸು ಚದುರಂಗಕ್ಕಿಂತ ಬಹಳ ದೊಡ್ಡದು. ಅದರಲ್ಲಿ ಪ್ರಸಿದ್ಧವಾದುದು ‘ಸಿವಿಲಿಜೇಷನ್’ ಎಂಬ ಆಟ. ಸಿಡ್ ಮೈಯರ್ ಮತ್ತು ಬ್ರೂಸ್ ಶೆಲ್ಲಿ ಎಂಬಿಬ್ಬರು ರಚಿಸಿದ ಈ ಆಟವನ್ನು ಅಮೆರಿಕದ ಮೈಕ್ರೋಪ್ರೋಸ್ ಸಂಸ್ಥೆ 1991ರಲ್ಲಿ ಹೊರತಂದಿತು. ಆಮೇಲೆ ಅದರ ಹೊಸ ಹೊಸ ಆವೃತ್ತಿಗಳು ಬಂದು, ಏಳನೆಯದು 2025ರ ಫೆಬ್ರುವರಿಯಲ್ಲಿ ಪ್ರಕಟವಾಯಿತು. ಆಟದ ಆರಂಭ ಕ್ರಿ.ಪೂ. 4000. ಆಟಗಾರನ ಕೈಯಲ್ಲಿ ಮೊದಲಿಗಿರುವುದು ಒಂದು ಅಲೆಮಾರಿ ತಂಡ ಮಾತ್ರ. ಅವನು ನದಿಯ ದಂಡೆಯನ್ನು ನೋಡಿ ಊರು ಕಟ್ಟುತ್ತಾನೆ. ಮಡಕೆ, ಬರವಣಿಗೆ, ಚಕ್ರ, ಕಬ್ಬಿಣ ಎಂದು ಒಂದೊಂದೇ ವಿದ್ಯೆಯನ್ನು ಸಂಪಾದಿಸುತ್ತಾನೆ. ನೆರೆಯವರೊಡನೆ ವ್ಯಾಪಾರ, ಸಂಧಿ, ಯುದ್ಧಗಳನ್ನು ನಡೆಸುತ್ತ ಆರು ಸಾವಿರ ವರ್ಷಗಳನ್ನು ದಾಟಿ ವ್ಯೋಮಯಾನದವರೆಗೆ ಬರುತ್ತಾನೆ. ಆಟವು ಸರದಿಯಂತೆ ನಡೆಯುವಂಥದು. ತನ್ನ ಸರದಿಯಲ್ಲಿ ಆಟಗಾರನು ಎಷ್ಟು ಹೊತ್ತು ಬೇಕಾದರೂ ಯೋಚಿಸಬಹುದು. ಅಲ್ಲಿಯವರೆಗೆ ಇಡೀ ಲೋಕವೇ ಅವನಿಗಾಗಿ ಕಾಯುತ್ತದೆ. ಈ ಕಾಯುವಿಕೆಯಿಂದಲೇ ಆಟಕ್ಕೆ ಒಂದು ವಿಚಾರಶೀಲತೆ ಬಂದಿದೆ, ಅದನ್ನು ಆಡುವವರಿಗೂ ಬಂದಿದೆ ಎಂದು ನನ್ನ ಎಣಿಕೆ.

ಮೂಲ ಆಟ ಬಂದು ಒಂದೆರಡು ವರ್ಷಗಳ ಮೇಲೆ ಅದಕ್ಕೆ ‘ವಿಸ್ತರಣೆ’ ಎಂಬುದೊಂದು ಬರುತ್ತದೆ. ಇದನ್ನು ಗ್ರಂಥದ ಕೊನೆಗೆ ಅಂಟಿಸುವ ಪರಿಶಿಷ್ಟವೆಂದು ತಿಳಿಯಬಾರದು. ಅದರಲ್ಲಿ ಹೊಸ ಜನಾಂಗಗಳೂ ಅವರ ನಾಯಕರೂ ಇರುತ್ತಾರೆ. ಜೊತೆಗೆ ಹೊಸ ನಿಯಮಗಳಿದ್ದು ಅವು ಹಳೆಯ ಆಟವನ್ನು ಮೊದಲಿನಿಂದ ಕೊನೆಯವರೆಗೆ ಬದಲಿಸಿಬಿಡುತ್ತವೆ. ಐದನೆಯ ಆವೃತ್ತಿ 2010ರಲ್ಲಿ ಬಂದಾಗ ಅದರಲ್ಲಿ ಮತಧರ್ಮಗಳಿಗೆ ಸ್ಥಳವಿರಲಿಲ್ಲ; 2012ರ ‘ಗಾಡ್ಸ್ ಅಂಡ್ ಕಿಂಗ್ಸ್’ ಎಂಬ ವಿಸ್ತರಣೆ ಅದನ್ನು ತಂದಿತು. 2013ರ ‘ಬ್ರೇವ್ ನ್ಯೂ ವರ್ಲ್ಡ್’ ದೂರದೂರದ ವ್ಯಾಪಾರಮಾರ್ಗಗಳನ್ನೂ, ರಾಷ್ಟ್ರಗಳ ಮಹಾಸಭೆಯನ್ನೂ ಸೇರಿಸಿತು. ಆರನೆಯ ಆವೃತ್ತಿಗೆ 2018ರಲ್ಲಿ ಬಂದ ‘ರೈಸ್ ಅಂಡ್ ಫಾಲ್’ ಜನಾಂಗಗಳಿಗೆ ಸುವರ್ಣಯುಗ, ಅಂಧಕಾರಯುಗಗಳನ್ನು ಕಲ್ಪಿಸಿತು. 2019ರ ‘ಗ್ಯಾದರಿಂಗ್ ಸ್ಟಾರ್ಮ್’ ನೆರೆ, ಜ್ವಾಲಾಮುಖಿ, ಭೂಮಿಯ ತಾಪ ಏರಿ ಕಡಲು ಊರನ್ನು ನುಂಗುವ ಸಂಕಟ ಇವನ್ನೆಲ್ಲ ಹಾಸಿನ ಮೇಲೆ ತಂದಿರಿಸಿತು.

ಇಂಥದೊಂದು ವಿಸ್ತರಣೆಯ ಸುದ್ದಿ ಬಂದೊಡನೆ ಅಭಿಮಾನಿಗಳಲ್ಲಿ ಚರ್ಚೆ ಪ್ರಾರಂಭವಾಗುತ್ತದೆ. ಈ ಚರ್ಚೆಗಳನ್ನು ನನ್ನ ವಿದ್ಯಾರ್ಥಿಗಳ ಬಾಯಿಂದ ಕೇಳಿದ್ದೇನೆ, ಅವರು ತೋರಿಸಿದ್ದನ್ನು ಓದಿಯೂ ಇದ್ದೇನೆ. ಅವುಗಳಲ್ಲಿ ಕಾಣುವ ಶ್ರದ್ಧೆ ನನ್ನನ್ನು ಬೆರಗುಗೊಳಿಸಿದೆ. ಒಂದು ಮನೆಯಲ್ಲಿ ಒಂದೇ ಸೇನೆ ನಿಲ್ಲಬೇಕೆ, ಹಲವು ನಿಲ್ಲಬಹುದೆ? ರಾಜಧಾನಿಗೆ ದೂರವಾದ ಊರು ಎಷ್ಟು ಕಾಲದಲ್ಲಿ ದೊರೆಗೆ ವಿಮುಖವಾಗಬೇಕು? ವ್ಯಾಪಾರದ ಲಾಭ ಯಾರಿಗೆ ಹೆಚ್ಚು ಸಲ್ಲಬೇಕು, ಕಳಿಸಿದವನಿಗೋ ಬರಮಾಡಿಕೊಂಡವನಿಗೋ? ಒಂದು ಶಬ್ದದ ಪಾಠಾಂತರಕ್ಕಾಗಿ ಹಳಗನ್ನಡದ ವಿದ್ವಾಂಸರು ಹೋರಾಡುವಂತೆ ಈ ತರುಣರು ಒಂದು ಅಂಕಿಗಾಗಿ ಹೋರಾಡುತ್ತಾರೆ. ಚರ್ಚೆಯಿಂದಲೇ ತೃಪ್ತರಾಗದೆ ಕೆಲವರು ಐದನೆಯ ಆವೃತ್ತಿಯ ನಿಯಮಗಳನ್ನು ತಾವೇ ಕೂಡಿ ತಿದ್ದಿ ಬರೆದು, ‘ವಾಕ್ಸ್ ಪಾಪ್ಯುಲೈ’ ಅಂದರೆ ಜನವಾಣಿ ಎಂಬ ಹೆಸರಿನಲ್ಲಿ ಬೇರೆಯೇ ಆಟದಂತೆ ಮಾಡಿ ಎಲ್ಲರಿಗೂ ಹಂಚಿದ್ದಾರೆ. ಕಾವ್ಯವನ್ನು ಓದಿ ಸುಮ್ಮನಾಗದೆ ಅದಕ್ಕೆ ಟೀಕೆ ಬರೆದವರ, ಟೀಕೆಯನ್ನು ಮೀರಿ ಹೊಸ ಕಾವ್ಯವನ್ನೇ ಕಟ್ಟಿದವರ ಪರಂಪರೆಯನ್ನು ಬಲ್ಲ ನಮಗೆ ಇದು ಅಪರಿಚಿತವಾದ ವ್ಯಾಪಾರವಲ್ಲ.

ಆದರೆ ಈ ಎಲ್ಲ ಚರ್ಚೆಗಳಲ್ಲಿ ಅತಿ ಹೆಚ್ಚು ಬಿಸಿಯಾಗುವುದು ಒಂದೇ ಪ್ರಶ್ನೆ: ಈ ಸಲ ಯಾರು ಒಳಗೆ ಬಂದರು? ಪೋಲೆಂಡಿನವರು ಬಂದರೆ ಹಂಗೆರಿಯವರು ಏಕಿಲ್ಲ? ಜುಲು ಜನರಿಗೆ ಎಡೆಯಾದರೆ ಇತರ ಆಫ್ರಿಕನರ ಪಾಡೇನು? ತಮ್ಮ ನಾಡಿನ ಹೆಸರು ಪಟ್ಟಿಯಲ್ಲಿ ಕಂಡರೆ ಹಬ್ಬ, ಕಾಣದಿದ್ದರೆ ಅಳಲು. ಈ ಆಸೆಯನ್ನು ನಾನು ಹಳಿಯುವುದಿಲ್ಲ. ಲೋಕದ ಕಣ್ಣಿಗೆ ತನ್ನವರು ಬೀಳಬೇಕೆಂಬುದು ಮಾನುಷವಾದ ಹಂಬಲ. ಆದರೂ ಕನ್ನಡದ ಮೇಷ್ಟರಾದ ನನಗೆ ಇಲ್ಲಿ ವ್ಯಾಕರಣದ ಒಂದು ಮಾತು ಹೇಳಬೇಕೆನಿಸುತ್ತದೆ. ಪಟ್ಟಿಯಲ್ಲಿ ಬೆಳೆಯುತ್ತಿರುವವು ನಾಮಪದಗಳು. ವಾಕ್ಯವನ್ನು ನಡೆಸುವುದು ಕ್ರಿಯಾಪದ.

ಈ ಬಗೆಯ ಆಟಗಳ ಕ್ರಿಯಾಪದಗಳು ಯಾವುವೆಂಬುದನ್ನು ಬಹಳ ಹಿಂದೆಯೇ ಒಬ್ಬರು ಎಣಿಸಿಟ್ಟಿದ್ದಾರೆ. 1993ರಲ್ಲಿ ಅಲನ್ ಎಮ್ರಿಚ್ ಎಂಬ ಅಮೆರಿಕದ ಲೇಖಕರು ‘ಮಾಸ್ಟರ್ ಆಫ್ ಓರಿಯನ್’ ಎಂಬ ಬೇರೊಂದು ಆಟವನ್ನು ಪರಿಚಯಿಸುತ್ತ, ಇಂಥ ಆಟಗಳಲ್ಲಿ ಮಾಡುವ ಕೆಲಸಗಳು ನಾಲ್ಕೆಂದು ಹೇಳಿ, ಒಂದೇ ಧ್ವನಿಯಿಂದ ಮೊದಲಾಗುವ ನಾಲ್ಕು ಇಂಗ್ಲಿಷ್ ಪದಗಳನ್ನು ಕೊಟ್ಟರು. ಆ ಹೆಸರೇ ಇಂದಿಗೂ ಈ ಜಾತಿಯ ಆಟಗಳಿಗೆ ನಿಂತಿದೆ. ಕನ್ನಡದಲ್ಲಿ ಅವನ್ನು ಹುಡುಕು, ಹರಡು, ಹಿಂಡು, ಹೊಸಕು ಎಂದು ಹೇಳಬಹುದು. ಹೊಸ ನೆಲವನ್ನು ಹುಡುಕುವುದು, ಅಲ್ಲಿ ಹರಡುವುದು, ಅದರ ಸಾರವನ್ನು ಹಿಂಡುವುದು, ಎದುರು ಬಂದವನನ್ನು ಹೊಸಕುವುದು. ವಿಸ್ತರಣೆಗಳು ಧರ್ಮವನ್ನೂ ವ್ಯಾಪಾರವನ್ನೂ ಕಲೆಯನ್ನೂ ತಂದದ್ದು ನಿಜ. ಆದರೆ ಅವೆಲ್ಲವೂ ಬಹುಮಟ್ಟಿಗೆ ಈ ನಾಲ್ಕು ಧಾತುಗಳ ರೂಪಾಂತರಗಳಾಗಿಯೇ ಬಂದಿವೆ. ‘ಬ್ರೇವ್ ನ್ಯೂ ವರ್ಲ್ಡ್’ನಲ್ಲಿ ಮಹಾಲೇಖಕರು ಕೃತಿಗಳನ್ನು ರಚಿಸುತ್ತಾರೆ, ಆ ಕೃತಿಗಳು ಪರದೇಶದ ಪ್ರವಾಸಿಗಳನ್ನು ಸೆಳೆಯುತ್ತವೆ, ಆ ಸೆಳೆತವು ಪ್ರತಿಯೊಂದು ಪರರಾಷ್ಟ್ರದ ಸಂಸ್ಕೃತಿಯ ಒಟ್ಟು ಮೊತ್ತವನ್ನು ಮೀರಿದಾಗ ಆಟ ಗೆದ್ದಂತೆ. ಕಾವ್ಯಕ್ಕೆ ಸ್ಥಳ ಸಿಕ್ಕಿತೆಂದು ಹಿಗ್ಗುವ ಮೊದಲು ಅದು ಅಲ್ಲಿ ಮಾಡುತ್ತಿರುವ ಕೆಲಸವನ್ನು ನೋಡಬೇಕು. ಅದೇ ವಿಸ್ತರಣೆಯಲ್ಲಿ ಬಂದ ಅಸ್ಸೀರಿಯದ ದೊರೆ ಅಶುರ್ಬನಿಪಾಲ್, ನಿನೆವೆಯಲ್ಲಿ ಮಣ್ಣಿನ ಹಲಗೆಗಳ ದೊಡ್ಡ ಗ್ರಂಥಭಂಡಾರವನ್ನು ಕೂಡಿಸಿದವನು. ಆಟದಲ್ಲಿಯೂ ಅವನ ರಾಜಗ್ರಂಥಾಲಯವಿದೆ. ಅದರಲ್ಲಿ ಒಂದು ಮಹಾಕೃತಿಯನ್ನು ಇರಿಸಿದರೆ ಆ ಊರಿನಲ್ಲಿ ತರಬೇತಾದ ಸೈನಿಕರ ಯುದ್ಧಾನುಭವ ಹೆಚ್ಚುತ್ತದೆ!

ನಿಯಮವು ಚರಿತ್ರೆಯನ್ನು ಸೊಗಸಾಗಿ ನುಡಿಯುವ ಸಂದರ್ಭಗಳೂ ಉಂಟೆಂಬುದನ್ನು ಒಪ್ಪಲೇಬೇಕು. ಅದೇ ವಿಸ್ತರಣೆಯ ವೆನಿಸ್ ಹೊಸ ಊರುಗಳನ್ನು ಕಟ್ಟಲಾರದು. ಅದಕ್ಕೆ ಪ್ರತಿಯಾಗಿ ಅದರ ವ್ಯಾಪಾರಮಾರ್ಗಗಳು ಇತರರಿಗಿಂತ ಇಮ್ಮಡಿ. ನೀರಿನ ಮೇಲೆ ನಿಂತ ಒಂದೇ ನಗರ ಹಡಗು ಹಣಗಳ ಬಲದಿಂದ ಶತಮಾನಗಳ ಕಾಲ ತಲೆಯೆತ್ತಿದ್ದುದನ್ನು ಎರಡು ವಾಕ್ಯಗಳ ನಿಯಮ ತಿಳಿಸಿಕೊಡುತ್ತದೆ. ಹಾಗಾದರೆ ತೊಡಕು ಎಲ್ಲಿ? ಆ ನಾಲ್ಕು ಕ್ರಿಯಾಪದಗಳಿಂದ ಬದುಕದೆ ಇದ್ದವರನ್ನು, ಅವುಗಳಿಂದ ನಾಶವಾದವರನ್ನು, ಅದೇ ವಾಕ್ಯಕ್ಕೆ ಕರ್ತೃವಾಗಿಸಿದಾಗ.

2013ರ ಆ ವಿಸ್ತರಣೆಗೆ ಮೊದಲು ಗೊತ್ತುಮಾಡಿದ್ದ ಜನಾಂಗಗಳಲ್ಲಿ ಅಮೆರಿಕದ ನೈಋತ್ಯ ಭಾಗದ ಪ್ವೆಬ್ಲೊ ಜನ ಒಬ್ಬರು. ಅವರ ನಾಯಕನಾಗಿ ಪೊಪೇ ಬರಬೇಕಾಗಿತ್ತು. ಪೊಪೇ ಅವರ ಧಾರ್ಮಿಕ ಮುಖಂಡ; 1680ರಲ್ಲಿ ಚದರಿದ್ದ ಊರುಗಳನ್ನೆಲ್ಲ ಒಗ್ಗೂಡಿಸಿ ಸ್ಪೇನಿನವರನ್ನು ಸಾಂಟಾ ಫೆಯಿಂದ ಹೊರದೂಡಿದವನು; ಅವರು ಹಿಂದಿರುಗಲು ಹನ್ನೆರಡು ವರ್ಷ ಹಿಡಿಯಿತು. ಆಟದ ತಯಾರಕರಾದ ಫಿರಾಕ್ಸಿಸ್ ಸಂಸ್ಥೆಯವರು ಆ ಜನರ ಮುಖಂಡರನ್ನು ವಿಚಾರಿಸಿದಾಗ, ತಮ್ಮ ಪೂಜ್ಯ ಪುರುಷನನ್ನು ಹೀಗೆ ಚಿತ್ರಿಸುವುದು ತಮಗೆ ಸಮ್ಮತವಲ್ಲವೆಂದು ಅವರು ತಿಳಿಸಿದರು. ಸಂಸ್ಥೆ ಆ ಯೋಜನೆಯನ್ನು ಬಿಟ್ಟು ಶೋಶೋನಿ ಜನರನ್ನು ಸೇರಿಸಿತು. ಅಭಿಮಾನಿಗಳಲ್ಲಿ ಕೆಲವರಿಗೆ ಇದು ನಷ್ಟವಾಗಿ ತೋರಿತು; ಲಕ್ಷಾಂತರ ಜನರಿಗೆ ಪೊಪೇಯ ಹೆಸರು ತಿಳಿಯುವ ಅವಕಾಶ ತಪ್ಪಿತೆಂಬುದು ಅವರ ವಾದ. ವಾದದಲ್ಲಿ ಸತ್ಯವಿಲ್ಲದಿಲ್ಲ. ಆದರೆ ಜಗತ್ತೆಲ್ಲ ಒಳಗೆ ಬರಲು ಬಾಗಿಲು ತಟ್ಟುತ್ತಿರುವಾಗ, ಬಾಗಿಲು ತೆರೆದಿದ್ದರೂ ‘ನಾವು ಒಲ್ಲೆವು’ ಎಂದ ಆ ಜನರ ಗಾಂಭೀರ್ಯವನ್ನು ನಾನು ಗೌರವಿಸುತ್ತೇನೆ. ಒಲ್ಲೆ ಎಂಬ ಕ್ರಿಯಾಪದ ಆಟದ ವ್ಯಾಕರಣದಲ್ಲಿ ಇಲ್ಲ. ಅದನ್ನು ಅವರು ಹೊರಗೆ ನಿಂತು ನುಡಿಯಬೇಕಾಯಿತು.

ಐದು ವರ್ಷಗಳ ಮೇಲೆ ‘ರೈಸ್ ಅಂಡ್ ಫಾಲ್’ನಲ್ಲಿ ಕೆನಡದ ಕ್ರೀ ಜನಾಂಗ ಸೇರಿತು, ನಾಯಕ ಪೌಂಡ್‌ಮೇಕರ್. ಈತನ ಚರಿತ್ರೆಯನ್ನು ಸ್ವಲ್ಪ ಹೇಳಬೇಕು. 1885ರಲ್ಲಿ ಕಟ್ ನೈಫ್ ಎಂಬಲ್ಲಿ ಕೆನಡದ ಸೇನೆ ಇವನ ಪಾಳೆಯದ ಮೇಲೆ ಬಿದ್ದು, ಸೋತು, ಹಿಮ್ಮೆಟ್ಟಿತು. ಓಡುತ್ತಿದ್ದವರನ್ನು ಬೆನ್ನಟ್ಟಿ ಕೊಲ್ಲಲು ಸಿದ್ಧರಾಗಿದ್ದ ತನ್ನ ಯೋಧರನ್ನು ಪೌಂಡ್‌ಮೇಕರ್ ತಡೆದು ನಿಲ್ಲಿಸಿದನು. ಅದೇ ವರ್ಷ ಸರ್ಕಾರ ಅವನನ್ನು ರಾಜದ್ರೋಹದ ಅಪರಾಧಿಯೆಂದು ಸೆರೆಮನೆಗೆ ಹಾಕಿತು. ಬಿಡುಗಡೆಯಾಗಿ ಬಂದವನು 1886ರಲ್ಲಿ ತೀರಿಕೊಂಡನು. ಕೆನಡದ ಪ್ರಧಾನಿ ಅವನನ್ನು ನಿರ್ದೋಷಿಯೆಂದು ಘೋಷಿಸಿದ್ದು 2019ರ ಮೇ ತಿಂಗಳಲ್ಲಿ, ಅವನು ಆಟದೊಳಗೆ ಕಾಣಿಸಿಕೊಂಡ ಮರುವರ್ಷ.

ತಯಾರಕರು ಅವನನ್ನು ಶಾಂತಿಪ್ರಿಯನೆಂದೇ ಚಿತ್ರಿಸಿದ್ದರು. ಅವನ ಶಕ್ತಿಗಳು ಮೈತ್ರಿಗೂ ವ್ಯಾಪಾರಕ್ಕೂ ಸಂಬಂಧಿಸಿದವು. ಆದರೂ ಆಟ ಪ್ರಕಟವಾಗುವ ಮೊದಲೇ, 2018ರ ಜನವರಿಯಲ್ಲಿ, ಪೌಂಡ್‌ಮೇಕರ್ ಕ್ರೀ ಜನಾಂಗದ ಚುನಾಯಿತ ಮುಖಂಡರಾದ ಮಿಲ್ಟನ್ ಟೂಟೂಸಿಸ್ ಆಕ್ಷೇಪವೆತ್ತಿದರು. ಪರರನ್ನು ಗೆದ್ದು ಅವರ ನೆಲವನ್ನು ಪಡೆಯುವುದು ವಸಾಹತುಗಾರರ ಮೌಲ್ಯ. ಮೂಲನಿವಾಸಿಗಳೂ ಅದೇ ಮೌಲ್ಯವನ್ನು ಹೊಂದಿದ್ದರೆಂಬ ಹುಸಿಕಲ್ಪನೆಯನ್ನು ಈ ಆಟ ಮುಂದುವರಿಸುತ್ತದೆ ಎಂಬುದು ಅವರ ಮಾತಿನ ತಾತ್ಪರ್ಯ. ಈ ಆಕ್ಷೇಪ ಎಷ್ಟು ಸೂಕ್ಷ್ಮವೆಂಬುದು ನಿಯಮವನ್ನು ಓದಿದರೆ ತಿಳಿಯುತ್ತದೆ. ಆಟದಲ್ಲಿ ಕ್ರೀ ವ್ಯಾಪಾರಿ ತನ್ನ ಊರಿನಿಂದ ಮೂರು ಮನೆಗಳೊಳಗೆ ಯಾರಿಗೂ ಸೇರದ ನೆಲದ ಮೇಲೆ ನಡೆದರೆ ಸಾಕು, ಆ ನೆಲ ಕ್ರೀ ರಾಜ್ಯಕ್ಕೆ ಸೇರಿಹೋಗುತ್ತದೆ! ರಕ್ತಪಾತವಿಲ್ಲ, ನಿಜ. ಆದರೆ ನೆಲವೆಂದರೆ ಸೇರಿಸಿಕೊಳ್ಳತಕ್ಕ ವಸ್ತುವೆಂಬ ಭಾವನೆ ಹಾಗೆಯೇ ಉಳಿಯಿತು. ಪೌಂಡ್‌ಮೇಕರ್‌ನ ಬಾಳಿನ ಹಿರಿದಾದ ಗಳಿಗೆ ಅವನು ‘ತಡೆದ’ ಗಳಿಗೆ. ಗೆದ್ದವನು ಕೈಯೆತ್ತದೆ ನಿಂತದ್ದಕ್ಕೆ ಆಟದಲ್ಲಿ ಅಂಕವಿಲ್ಲ.

ಇದಕ್ಕೆ ಅಭಿಮಾನಿಗಳು ಕೊಡುವ ಉತ್ತರಗಳು ಎರಡು. ಆಟವನ್ನು ಆಟವೆಂದೇ ನೋಡಬೇಕು, ಅದು ಇತಿಹಾಸದ ಪಠ್ಯಪುಸ್ತಕವಲ್ಲ ಎಂಬುದು ಒಂದು. ಚದುರಂಗದ ಕುದುರೆ ಕುದುರೆಯಂತೆ ನಡೆಯುವುದಿಲ್ಲವೆಂದು ಯಾರೂ ದೂರುವುದಿಲ್ಲವಷ್ಟೆ! ಈ ಮಾತಿಗೆ ನನ್ನ ಸಮಾಧಾನವಿದು: ಚದುರಂಗದ ಕುದುರೆಗೆ ಹೆಸರಿಲ್ಲ, ಅದರ ಮೊಮ್ಮಕ್ಕಳು ಎಲ್ಲೂ ಬದುಕಿಲ್ಲ. ಹೆಸರನ್ನೂ ಮುಖವನ್ನೂ ಭಾಷೆಯನ್ನೂ ನಿಜವಾದ ಜನರಿಂದ ಪಡೆದ ಆಟಕ್ಕೆ ಅವರ ಮಾತಿಗೆ ಕಿವಿಗೊಡುವ ಹೊಣೆ ಅಷ್ಟರ ಮಟ್ಟಿಗೆ ಬರುತ್ತದೆ. ಎರಡನೆಯ ಉತ್ತರ ಇದಕ್ಕಿಂತ ಬಲವಾದದ್ದು: ಹೊರಗಿಟ್ಟರೆ ಮರೆತರೆಂಬ ದೂರು, ಒಳತಂದರೆ ತಿರುಚಿದರೆಂಬ ದೂರು, ಹಾಗಾದರೆ ಮಾಡಬೇಕಾದುದೇನು? ಇನ್ಕಾ ದೊರೆ ಪಾಚಕೂತಿಯ, ಚಿಲಿಯಲ್ಲಿ ಸ್ಪೇನಿನವರನ್ನೆದುರಿಸಿದ ಮಪೂಚೆ ತರುಣ ಲೌತಾರೊನ ಹೆಸರನ್ನು ನನ್ನ ಕೆಲವು ವಿದ್ಯಾರ್ಥಿಗಳು ಅರಿತದ್ದು ಈ ಆಟದಿಂದಲೇ. ನಮ್ಮ ತರಗತಿಗಳಿಂದ ಅಲ್ಲ. ಅಪೂರ್ಣವಾದ ಪರಿಚಯವೂ ಪರಿಚಯವೇ. ಇದನ್ನು ನಾನು ಅಲ್ಲಗಳೆಯಲಾರೆ. ಹೊರಗಿಡುವುದು ಪರಿಹಾರವಲ್ಲ. ಒಳಗೆ ಬಂದವರಿಗೆ ತಮ್ಮ ಕ್ರಿಯಾಪದವನ್ನು ತಂದುಕೊಳ್ಳುವ ಸ್ವಾತಂತ್ರ್ಯವಿರಬೇಕು.

ಸಾಹಿತ್ಯದ ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕಾದ ಇನ್ನೊಂದು ನಿಯಮವಿದೆ. ‘ಗ್ಯಾದರಿಂಗ್ ಸ್ಟಾರ್ಮ್’ನಲ್ಲಿ ನ್ಯೂಜಿಲೆಂಡಿನ ಮಾವೊರಿ ಜನ ಬಂದರು. ಅವರ ಚಿತ್ರಣದಲ್ಲಿ ಕವಿತ್ವವೇ ಇದೆ: ಅವರ ಆಟ ನಡುಗಡಲಿನಲ್ಲಿ, ದೋಣಿಯಲ್ಲಿ ಆರಂಭವಾಗುತ್ತದೆ; ಕಡಿಯದೆ ಬಿಟ್ಟ ಕಾಡು ಅವರಿಗೆ ಹೆಚ್ಚಿನ ಫಲ ಕೊಡುತ್ತದೆ. ನಾಲ್ಕು ಕ್ರಿಯಾಪದಗಳಿಗೆ ಐದನೆಯದಾಗಿ ‘ಕಾಯು’ ಎಂಬುದು ಇಲ್ಲಿ ಸೇರಿದಂತಾಯಿತು. ವಿಸ್ತರಣೆಯೊಂದು ಸಾಧಿಸಬಹುದಾದ ಒಳ್ಳೆಯದಕ್ಕೆ ಇದು ಸಾಕ್ಷಿ. ಆದರೆ ಅದೇ ನಿಯಮದಲ್ಲಿ ಇನ್ನೊಂದು ಸಾಲುಂಟು: ಮಾವೊರಿಗಳಿಗೆ ಮಹಾಲೇಖಕರು ಲಭಿಸುವುದಿಲ್ಲ. ವಂಶಾವಳಿಯನ್ನೂ ಕಥೆಗಳನ್ನೂ ಬಾಯಿಂದ ಬಾಯಿಗೆ, ಮರದ ಕೆತ್ತನೆಯಲ್ಲಿ, ಉಳಿಸಿಕೊಂಡು ಬಂದ ಜನವೆಂಬುದು ಇದಕ್ಕೆ ಆಧಾರವಿರಬಹುದು. ಆದರೆ ಆಟ ಪ್ರಾಚೀನ ಕಾಲಕ್ಕೆ ನಿಲ್ಲುವುದಿಲ್ಲ, ನಮ್ಮ ಕಾಲವನ್ನೂ ದಾಟುತ್ತದೆ. ಆ ನಮ್ಮ ಕಾಲದಲ್ಲಿ ಮಾವೊರಿ ಮೂಲದ ಕೆರಿ ಹ್ಯೂಮ್ 1985ರ ಬುಕರ್ ಪ್ರಶಸ್ತಿ ಪಡೆದರು. ವಿಟಿ ಇಹಿಮೇರ, ಪೆಟ್ರೀಷಿಯ ಗ್ರೇಸ್ ಮೊದಲಾದವರ ಕಥೆ ಕಾದಂಬರಿಗಳನ್ನು ಲೋಕ ಓದಿದೆ. ಬರೆಯದವರಿಗೆ ಸಾಹಿತ್ಯವಿಲ್ಲವೆಂಬ ಎಣಿಕೆ ಎಷ್ಟು ಪೊಳ್ಳೆಂಬುದು, ಕಂಸಾಳೆಯವರ ಬಾಯಲ್ಲಿ ಮಲೆಯ ಮಾದೇಶ್ವರನ ಕಾವ್ಯವನ್ನೂ ನೀಲಗಾರರ ಬಾಯಲ್ಲಿ ಮಂಟೇಸ್ವಾಮಿಯ ಕಾವ್ಯವನ್ನೂ ರಾತ್ರಿಯಿಡೀ ಕೇಳಿದ ನಾಡಿಗೆ ಹೇಳಿಕೊಡಬೇಕಾಗಿಲ್ಲ.

ಇನ್ನು ನಮ್ಮ ದೇಶದ ವಿಷಯ. ‘ರೈಸ್ ಅಂಡ್ ಫಾಲ್’ನಲ್ಲಿ ಭಾರತಕ್ಕೆ ಗಾಂಧೀಜಿಯ ಜೊತೆಗೆ ಚಂದ್ರಗುಪ್ತ ಮೌರ್ಯನೂ ನಾಯಕನಾಗಿ ಬಂದನು. ಅವನ ವಿಶೇಷ ಶಕ್ತಿಗೆ ಇಟ್ಟ ಹೆಸರು ‘ಅರ್ಥಶಾಸ್ತ್ರ’. ಇದರಿಂದ ಅವನು ನೆರೆಯವರ ಮೇಲೆ ರಾಜ್ಯವಿಸ್ತಾರದ ಯುದ್ಧವನ್ನು ಇತರರಿಗಿಂತ ಮುಂಚೆ ಸಾರಬಹುದು. ಸಾರಿದ ಮೊದಲ ಹತ್ತು ಸರದಿಗಳಲ್ಲಿ ಅವನ ಸೇನೆಗೆ ವೇಗವೂ ಬಲವೂ ಹೆಚ್ಚು. ಈ ಹೆಸರನ್ನು ಕೇಳಿದಾಗ ಮೈಸೂರಿನವರಿಗೆ ನೆನಪಾಗಬೇಕಾದುದು ಬೇರೆ. ಬಹುಕಾಲ ಹೆಸರಷ್ಟೇ ಉಳಿದಿದ್ದ ಕೌಟಿಲ್ಯನ ಗ್ರಂಥವನ್ನು 1905ರಲ್ಲಿ ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ತಾಳೆಗರಿಯ ಪ್ರತಿಯೊಂದರಿಂದ ಗುರುತಿಸಿದವರು ರುದ್ರಪಟ್ಟಣದ ಶಾಮಶಾಸ್ತ್ರಿಗಳು. 1909ರಲ್ಲಿ ಅವರು ಮೂಲವನ್ನು ಅಚ್ಚು ಮಾಡಿಸಿದರು; 1915ರಲ್ಲಿ ಅವರ ಇಂಗ್ಲಿಷ್ ಅನುವಾದ ಬಂದಿತು. ಅವರು ಬೆಳಕಿಗೆ ತಂದ ಆ ಗ್ರಂಥದಲ್ಲಿ ದಂಡಯಾತ್ರೆ, ಗೂಢಚಾರ, ಕುಟಿಲ ತಂತ್ರಗಳೆಲ್ಲ ಇವೆ, ಇಲ್ಲವೆನ್ನುವಂತಿಲ್ಲ. ಆದರೆ ಅದರ ದೀರ್ಘವಾದ ಎರಡನೆಯ ಅಧಿಕರಣ ತುಂಬ ಕಾಣುವವರು ಬೇಸಾಯದ, ನೂಲು ನೆಯ್ಗೆಯ, ತೂಕ ಅಳತೆಯ, ಹಡಗಿನ ಅಧ್ಯಕ್ಷರು. ರಾಜನೀತಿಯ ಆರು ಗುಣಗಳನ್ನೆಣಿಸುವಾಗ ಮೊದಲು ಬರುವುದು ಸಂಧಿ. ಸಂಧಿಯಲ್ಲೂ ವಿಗ್ರಹದಲ್ಲೂ ಫಲ ಸಮನಾಗಿದ್ದರೆ ಸಂಧಿಯನ್ನೇ ಆರಿಸಬೇಕೆಂದು ಕೌಟಿಲ್ಯನ ಮತ. ಆಟದ ನಿಯಮಕ್ಕೆ ಗ್ರಂಥದ ಹೆಸರು ದೊರೆಯಿತು. ಅದರಲ್ಲಿ ಉಳಿದುಕೊಂಡದ್ದು ದಂಡಯಾತ್ರೆಯೊಂದೇ. ಭಾರತದ ಹೆಸರು ಬಂದಿತೆಂದು ಸಂತೋಷಪಟ್ಟವರಲ್ಲಿ ಎಷ್ಟು ಮಂದಿ ಈ ಲೆಕ್ಕವನ್ನು ಕೇಳಿದರು?

ಕಾಲ ಬದಲಾಗುತ್ತಿರುವುದಕ್ಕೂ ಗುರುತುಗಳಿವೆ. ಏಳನೆಯ ಆವೃತ್ತಿಗೆ ಟೆಕುಮ್ಸೆಯನ್ನೂ ಅವನ ಶಾನೀ ಜನರನ್ನೂ ಸೇರಿಸುವಾಗ ತಯಾರಕರು ಅಮೆರಿಕದ ಶಾನೀ ಜನಾಂಗದ ಮುಖ್ಯಸ್ಥರಾದ ಬೆನ್ ಬಾರ್ನ್ಸ್ ಮೊದಲಾದವರೊಡನೆ ಕೂತು ಭಾಷೆ, ವೇಷ, ಕಟ್ಟಡಗಳನ್ನು ಕುರಿತು ಸಮಾಲೋಚಿಸಿದರು. ಇದನ್ನು 2024ರಲ್ಲಿ ಪ್ರಕಟಿಸುವಾಗ ಶಾನೀ ಭಾಷೆಯ ಪುನರುಜ್ಜೀವನದ ಕೆಲಸಕ್ಕೆ ನೆರವು ನೀಡುವುದಾಗಿಯೂ ತಿಳಿಸಿದರು. 2013ರಲ್ಲಿ ಒಂದು ಜನ ಒಲ್ಲೆವೆಂದದ್ದು, 2018ರಲ್ಲಿ ಇನ್ನೊಂದು ಜನ ಪ್ರಶ್ನಿಸಿದ್ದು ವ್ಯರ್ಥವಾಗಲಿಲ್ಲವೆಂದು ನನಗೆ ತೋರುತ್ತದೆ. ವ್ಯಾಪಾರಕ್ಕಾಗಿ ಮಾಡಿದ ಆಟವೂ ಮಾತನ್ನು ಕೇಳಿಸಿಕೊಳ್ಳುತ್ತದೆ, ಮಾತು ಸ್ಪಷ್ಟವಾಗಿದ್ದರೆ.

ಈ ಏಳನೆಯ ಆವೃತ್ತಿ ಪ್ರಕಟವಾದಾಗ ಅದರಲ್ಲಿ ಮೌರ್ಯರಿದ್ದರು, ಚೋಳರಿದ್ದರು, ಮೊಗಲರಿದ್ದರು. ‘ಚೋಳರಿದ್ದಾರೆ, ಚಾಲುಕ್ಯರೇಕಿಲ್ಲ, ಸಾರ್? ವಿಜಯನಗರದವರೇಕಿಲ್ಲ?’ ಎಂದು ವಿದ್ಯಾರ್ಥಿಗಳು ನನ್ನನ್ನು ಕೇಳಿದ್ದಾರೆ. ನ್ಯಾಯವಾದ ಪ್ರಶ್ನೆ. ಮುಂದಿನ ಯಾವುದೋ ವಿಸ್ತರಣೆಯಲ್ಲಿ ಅವರು ಬಂದರೂ ಬರಬಹುದು. ಬಂದರೆ ನನಗೂ ಸಂತೋಷ. ಆದರೆ ನಾನು ಅವರಿಗೆ ಮರುಪ್ರಶ್ನೆ ಹಾಕಿದ್ದೇನೆ: ನಮ್ಮವರು ಬಂದು ಅಲ್ಲಿ ಏನು ಮಾಡಬೇಕು? ಪುಲಕೇಶಿ ಬಂದರೆ ಅವನ ಆನೆಗಳಿಗೆ ಬಲ ಎರಡು ಹೆಚ್ಚೆಂದು ಬರೆದರೆ ನಿಮಗೆ ತೃಪ್ತಿಯೆ? ಅವನು ಹರ್ಷನನ್ನು ತಡೆದುದನ್ನು ನಾವು ತಿಳಿದಿರುವುದು ಐಹೊಳೆಯಲ್ಲಿ ರವಿಕೀರ್ತಿ 634ರಲ್ಲಿ ಕಲ್ಲಿಗೇರಿಸಿದ ಕಾವ್ಯದಿಂದ; ಅದರಲ್ಲಿಯೇ ಆ ಕವಿ ತನ್ನ ಕೀರ್ತಿ ಕಾಳಿದಾಸ ಭಾರವಿಗಳಿಗೆ ಸಮನೆಂದು ಹೇಳಿಕೊಂಡಿದ್ದಾನೆ. ದೊರೆಯನ್ನು ಹೊಗಳಲು ನಿಂತ ಕಲ್ಲಿನಲ್ಲಿ ತನಗೂ ಒಂದು ಮನೆ ಮಾಡಿಕೊಂಡ ಈ ಕವಿಗೆ ಯಾವ ನಿಯಮ ಬರೆಯುತ್ತೀರಿ?

ಅಥವಾ ಆತಕೂರಿನ ಕಲ್ಲನ್ನು ನೋಡಿರಿ. ಇಂದಿನ ಮಂಡ್ಯ ಜಿಲ್ಲೆಯ ಆ ಊರಿನಲ್ಲಿ ಸಿಕ್ಕಿ ಬೆಂಗಳೂರಿನ ವಸ್ತುಸಂಗ್ರಹಾಲಯವನ್ನು ಸೇರಿದ, ಸುಮಾರು 950ರ ಕನ್ನಡ ಶಾಸನವದು. ರಾಷ್ಟ್ರಕೂಟ ಮೂರನೆಯ ಕೃಷ್ಣನೂ ಗಂಗರ ಬೂತುಗನೂ ಕೂಡಿ ತಕ್ಕೋಲದಲ್ಲಿ ಚೋಳ ರಾಜಾದಿತ್ಯನನ್ನು ಸೋಲಿಸಿ ಕೊಂದ ಯುದ್ಧದ ಸಂಗತಿ ಅದರಲ್ಲಿದೆ. ಆಟಕ್ಕೆ ಬೇಕಾದದ್ದೆಲ್ಲ ಅಲ್ಲಿಗೆ ಮುಗಿಯಿತು. ಆದರೆ ಕಲ್ಲನ್ನು ನಿಲ್ಲಿಸಿದ್ದು ಅದಕ್ಕಾಗಿ ಅಲ್ಲ. ಆ ಯುದ್ಧದಲ್ಲಿ ಶೌರ್ಯ ತೋರಿದ ಮಣಲೇರನೆಂಬ ಯೋಧನಿಗೆ ಬೇಡಿದ್ದನ್ನು ಕೊಡುವ ಪ್ರಸಂಗ ಬಂದಾಗ, ಅವನು ಊರನ್ನೂ ಹೊನ್ನನ್ನೂ ಬಿಟ್ಟು ಕೇಳಿಕೊಂಡದ್ದು ಕಾಳಿ ಎಂಬ ಬೇಟೆಯ ನಾಯಿಯನ್ನು. ಆ ಕಾಳಿ ಮುಂದೆ ಒಂದು ದೊಡ್ಡ ಹಂದಿಯೊಡನೆ ಹೋರಾಡಿತು, ಎರಡೂ ಸತ್ತವು. ಮಣಲೇರನು ನಾಯಿಗಾಗಿ ಕಲ್ಲು ನಿಲ್ಲಿಸಿ, ಅದರ ಪೂಜೆಗೆ ಭೂಮಿಯನ್ನು ಬಿಡಿಸಿದನು. ಗೆದ್ದ ನೆಲದಲ್ಲಿ ಒಂದು ಪಾಲು ಒಂದು ನಾಯಿಯ ನೆನಪಿಗೆ ಸಂದಿತು. ಹುಡುಕು, ಹರಡು, ಹಿಂಡು, ಹೊಸಕು ಎಂಬ ನಾಲ್ಕರಲ್ಲಿ ಯಾವುದರಿಂದ ಈ ವಾಕ್ಯವನ್ನು ಕಟ್ಟೋಣ? ಇದಕ್ಕೆ ಬೇಕಾದುದು ‘ನೆನೆ’ ಎಂಬ ಧಾತು.

ಅಧ್ಯಾಪಕ ಮಿತ್ರರಲ್ಲಿ ನನ್ನದೊಂದು ಸೂಚನೆ. ಈ ಆಟಗಳನ್ನು ಕುರಿತು ವಿದ್ಯಾರ್ಥಿಗಳನ್ನು ಗದರಿಸುವುದರಿಂದ ಪ್ರಯೋಜನವಿಲ್ಲ. ಅವರು ಆಡಿಯೇ ಆಡುತ್ತಾರೆ. ಅದರ ಬದಲು ತರಗತಿಯಲ್ಲಿ ಒಂದು ಶಾಸನವನ್ನೋ, ಒಂದು ಜನಪದ ಕಾವ್ಯದ ಭಾಗವನ್ನೋ ಓದಿಸಿ, ‘ಇದರ ಜನ ಆಟದೊಳಗೆ ಬರುವುದಾದರೆ ನೀನು ಬರೆಯುವ ನಿಯಮ ಯಾವುದು?’ ಎಂದು ಕೇಳಿ ಬರೆಯಿಸೋಣ. ದೊರೆಯ ಹೆಸರನ್ನು ಸೂಚಿಸಿದವನಿಗೆ ಅರ್ಧ ಅಂಕ ಸಾಕು. ಉಳಿದ ಅಂಕ ಕ್ರಿಯಾಪದವನ್ನು ಕಂಡುಕೊಂಡವನಿಗೆ. ಹೀಗೆ ಬರೆದವರಲ್ಲಿ ಯಾರಾದರೊಬ್ಬರು ಮುಂದೊಂದು ದಿನ ತಮ್ಮದೇ ಆಟವನ್ನು ಕಟ್ಟಿಯಾರು. ಇಲ್ಲವೆ ಲೋಕದ ಇತರ ಅಭಿಮಾನಿಗಳ ಚರ್ಚೆಯಲ್ಲಿ ಬೇಡುವವರಂತೆ ಬಾಗಿಲ ಬಳಿ ನಿಲ್ಲದೆ ವಿಮರ್ಶಕರಂತೆ ಒಳಗೆ ಕೂತು ಮಾತನಾಡಿಯಾರು. ಅಷ್ಟಾದರೂ ಆದರೆ ಕನ್ನಡ ಪಾಠಕ್ಕೆ ಸಾರ್ಥಕತೆ ಬಂದಿತೆಂದು ನಾನು ತಿಳಿಯುತ್ತೇನೆ.